ನೆಲಸಾಲಿನ ಚಹಾ

ಶ್ಯಾಮ್‌ಪುಕುರ್ ಓಣಿಯಲ್ಲಿ ಯಾರ ಮನೆಗಾದರೂ ಹೆಣ್ಣು ನೋಡುವವರು ಬರುವುದಿದ್ದರೆ, ಆ ಮನೆಯ ಹೆಂಗಸರು ಚಹಾ ತರಲು ನೇರವಾಗಿ ನಕುಲ್ ಕುಂಡುವಿನ ಅಂಗಡಿಗೆ ಹೋಗುವುದಿಲ್ಲ. ಮೊದಲು ಮಿತ್ರ ಮನೆತನದವರ ಬಾಗಿಲು ಬಡಿದು ಶಿಬಾನಿಯನ್ನು ಜತೆಗೆ ಕರೆದುಕೊಳ್ಳುತ್ತಾರೆ. ಶಿಬಾನಿ ಅಂಗಡಿಯ ಕಪಾಟಿನ ಮೇಲುಸಾಲಿನ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ಅಲ್ಲಿರುವುದು ತೋಟಗಳ ಹೆಸರು ಬರೆದ, ಬಣ್ಣ ಬಳಿದ, ಬೆಲೆ ಕೇಳಿದರೆ ಬಾಯಾರುವಂಥ ಡಬ್ಬಿಗಳು. ಆಕೆ ಕುಕ್ಕರಗಾಲಲ್ಲಿ ಕೂತು ನೆಲದ ಮೇಲಿನ ಸಾಲಿಗೆ ಕೈಹಾಕುತ್ತಾಳೆ. ನೆಗ್ಗಿದ, ಹೆಸರಿಲ್ಲದ, ಸೀಮೆಸುಣ್ಣದಲ್ಲಿ ಒಂದು ಗೀಟು ಮಾತ್ರ ಎಳೆದ ಡಬ್ಬಿಗಳು ಅವು. ಹತ್ತು ಮೂಸಿ ಒಂದನ್ನು ಆರಿಸುತ್ತಾಳೆ. ಕುಂಡುವಿನ ಮುಖ ಹುಳ್ಳಗಾಗುತ್ತದೆ, ಯಾಕೆಂದರೆ ಆಕೆ ಆರಿಸಿದ್ದು ಯಾವಾಗಲೂ ಮೇಲುಸಾಲಿನ ಚಹಾಕ್ಕೆ ಸಮ, ಬೆಲೆ ಮಾತ್ರ ಅದರ ಕಾಲುಭಾಗ.

ಓಣಿಯವರು ಇದನ್ನು ಹುಟ್ಟುಗುಣ ಎನ್ನುತ್ತಾರೆ. ಶುದ್ಧ ಸುಳ್ಳು. ಶಿಬಾನಿ ಹುಟ್ಟಿ ಬೆಳೆದ ಬಿಜೊಯ್‌ಗಢದ ನಿರಾಶ್ರಿತರ ಕಾಲೊನಿಯಲ್ಲಿ ಚಹಾ ಎಂದರೆ ಬೆಲ್ಲ ಹಾಕಿ ಕುದಿಸಿದ ಕೆಂಪು ನೀರು, ಅಷ್ಟೆ. ಇಪ್ಪತ್ಮೂರು ವರ್ಷದವರೆಗೆ ಅವಳಿಗೆ ಒಂದು ಚಹಾಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲ. ಕಲಿಸಿದ್ದು ಭಯ, ಅದೂ ಒಂದೇ ಮಧ್ಯಾಹ್ನದಲ್ಲಿ.

ಬಾಂಗ್ಲಾ ಯುದ್ಧ ಮುಗಿದ ಮೇಲಿನ ಮೊದಲ ಚೈತ್ರ ಅದು. ಶಿಬಾನಿಗೆ ಮದುವೆಯಾಗಿ ಹದಿನಾಲ್ಕು ತಿಂಗಳು, ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸು. ಗಂಡ ಸುಕೋಮಲ್ ಒಳ್ಳೆಯವನೇ, ಆದರೆ ಅಮ್ಮನ ಎದುರು ಅವನ ಬಾಯಿಗೆ ಬೀಗ. ಮಿತ್ರರ ಮನೆ ನಾಲ್ಕು ತಲೆಮಾರಿನಿಂದ ಕಲ್ಕತ್ತೆಯಲ್ಲೇ ಬೇರೂರಿದ ಘೋಟಿಗಳ ಮನೆ. ಶಿಬಾನಿಯ ಕಡೆಯವರು ದೇಶ ಒಡೆದಾಗ ಪೂರ್ವ ಬಂಗಾಳದ ನೋವಾಖಾಲಿಯಿಂದ ಉಟ್ಟ ಬಟ್ಟೆಯಲ್ಲಿ ಬಂದ ಬಾಂಗಾಲರು. ಘೋಟಿಗಳು ಪಲ್ಯಕ್ಕೂ ಸಕ್ಕರೆ ಹಾಕುತ್ತಾರೆಂದು ಬಾಂಗಾಲರು ನಗುತ್ತಾರೆ. ಬಾಂಗಾಲರು ಶುಟ್ಕಿ ಎಂಬ ಒಣಮೀನನ್ನು ತಿನ್ನುತ್ತಾರೆಂದು ಘೋಟಿಗಳು ಮೂಗು ಮುರಿಯುತ್ತಾರೆ. ಮೂಗು ಮುರಿಯುವುದೆಂದರೆ ಬಾಯಿಮಾತಿಗಲ್ಲ, ನಿಜವಾಗಿಯೂ ಸೆರಗು ಒತ್ತಿ ಹಿಡಿದು ಓಡಿಹೋಗುತ್ತಾರೆ.

ಅತ್ತೆ ನಿಭಾನನಿ ಅವರಲ್ಲಿ ಮೊದಲನೆಯವರು. ಮದುವೆಯಾದ ಹೊಸತರಲ್ಲಿ ಶಿಬಾನಿಯ ತಾಯಿ ಸಿಹಿಯ ಜತೆಗೆ ಪ್ರೀತಿಯಿಂದ ಒಂದು ಬಟ್ಟಲು ಶುಟ್ಕಿ ಪಲ್ಯವನ್ನೂ ತಂದಿದ್ದರು. ನಿಭಾನನಿ ಬಟ್ಟಲನ್ನು ಚಿಮಟದಲ್ಲಿ ಹಿಡಿದು ಬೀದಿಗೆ ಎಸೆದು, ಇಡೀ ಪಡಸಾಲೆಗೆ ಗಂಗಾಜಲ ಚಿಮುಕಿಸಿದರು. ಬೀಗಿತ್ತಿ ಕಣ್ಣೊರೆಸಿಕೊಂಡು ಹೋದ ಮೇಲೆ ಸೊಸೆಯನ್ನು ನಿಲ್ಲಿಸಿ ಹೇಳಿದರು:

"ನೋಡು ಬೌಮಾ, ಒಂದೇ ಸಲ ಹೇಳ್ತೀನಿ. ಇನ್ನೊಂದು ಸಲ ಆ ನಾತ ಈ ಹೊಸಿಲು ದಾಟಿದ್ರೆ, ನೀನೂ ಅದರ ಜೊತೇಲೇ ನಿಮ್ಮ ಕಾಲೊನಿಗೆ ಹೊರಡು. ಮತ್ತೆ ಕರೆಸ್ಕೊಳ್ಳೋ ಪೈಕಿ ಅಲ್ಲ ನಾನು."

ನಿಭಾನನಿ ಆಡಿದ್ದನ್ನು ಮಾಡುವವರು. ಯಾವುದೋ ಒಂದು ಮಾತಿಗೆ ಸ್ವಂತ ತಮ್ಮನನ್ನೇ ಹನ್ನೊಂದು ವರ್ಷ ಮನೆಗೆ ಸೇರಿಸಿರಲಿಲ್ಲ. ಅದು ಓಣಿಗೆಲ್ಲ ಗೊತ್ತಿತ್ತು, ಶಿಬಾನಿಗೂ ಗೊತ್ತಿತ್ತು.

ಆದರೆ ಬಸುರಿಯ ನಾಲಿಗೆಗೆ ಇದೆಲ್ಲ ತಿಳಿಯುತ್ತದೆಯೇ? ಎರಡು ತಿಂಗಳಿಂದ ತಿಂದದ್ದೆಲ್ಲ ವಾಂತಿ. ಸಕ್ಕರೆ ಹಾಕಿದ ಬೇಳೆ ಕಂಡರೆ ಕರುಳು ಬಾಯಿಗೆ ಬರುತ್ತಿತ್ತು. ತವರಿಗೆ ಹೋದಾಗ ತಾಯಿ ಸುಟ್ಟ ಶುಟ್ಕಿಯ ಜತೆ ಎರಡು ತುತ್ತು ಅನ್ನ ಕೊಟ್ಟರು, ಅದು ಒಳಗೆ ನಿಂತಿತು. ಬರುವಾಗ ತಾಯಿ ಒಂದು ಗೇಣು ಬಟ್ಟೆಯಲ್ಲಿ ಶುಟ್ಕಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಯೇ ಕಳಿಸಿದರು. ಅತ್ತೆ ಗಂಗಾಸ್ನಾನಕ್ಕೆ ಹೋದ ಬೆಳಿಗ್ಗೆಗಳಲ್ಲಿ ಶಿಬಾನಿ ಬೆರಳಗಲದ ಒಂದು ತುಂಡನ್ನು ಕೆಂಡದ ಮೇಲೆ ಸುಟ್ಟು, ಕಿಟಕಿಗಳನ್ನೆಲ್ಲ ತೆರೆದು, ಮೇಲೆ ಧೂಪ ಹಾಕಿ, ನಿಂತಲ್ಲೇ ಅನ್ನ ನುಂಗುತ್ತಿದ್ದಳು. ಗಂಟನ್ನು ಇಡುತ್ತಿದ್ದದ್ದು ಉಗ್ರಾಣದ ಗೋಡೆಬೀರುವಿನ ಮೇಲಿನ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಗಳ ಹಿಂದೆ. ಆ ಗೋಡೆಯ ಆಚೆ ಬದಿಗೆ ಒಲೆ. ಮನೆಯಲ್ಲೆಲ್ಲ ಅಷ್ಟು ಒಣಗಿದ ಜಾಗ ಇನ್ನೊಂದಿರಲಿಲ್ಲ. ಶುಟ್ಕಿಗೆ ಥಂಡಿ ತಗುಲಿದರೆ ಹುಳ ಬೀಳುತ್ತದೆ ಎನ್ನುವುದು ಬಾಂಗಾಲರ ಮನೆಯ ಎಳೆ ಮಕ್ಕಳಿಗೂ ಗೊತ್ತು.

ಶನಿವಾರ ಮಾವ ತಾರಾಪ್ರಸನ್ನರಿಗೆ ಡಾರ್ಜಿಲಿಂಗಿನಿಂದ ಪೊಟ್ಟಣ ಬಂತು.

ತಾರಾಪ್ರಸನ್ನ ಮಿತ್ರರು ಚಹಾ ಹರಾಜಿನ ಒಂದು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ಅವರ ಕೆಲಸ ಇಷ್ಟೆ: ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲುಗಳು, ರುಚಿ ನೋಡುವ ಭೂದೇಬ್ ಸಾನ್ಯಾಲ್ ಸಾಹೇಬರು ಒಂದೊಂದನ್ನೂ ಸೊರ್ರೆಂದು ಹೀರಿ, ಉಗುಳಿ, ಒಂದು ಮಾತು ಹೇಳುತ್ತಾರೆ. ಹಿಂದೆ ಪುಸ್ತಕ ಹಿಡಿದು ನಿಂತ ತಾರಾಪ್ರಸನ್ನರು ಅದನ್ನು ಬರೆದುಕೊಳ್ಳಬೇಕು. "ನಿನಗೇನನ್ನಿಸುತ್ತದೆ ತಾರಾಪ್ರಸನ್ನ?" ಎಂದು ಮೂವತ್ತೊಂದು ವರ್ಷದಲ್ಲಿ ಯಾರೂ ಒಮ್ಮೆಯೂ ಕೇಳಿರಲಿಲ್ಲ. ಮನೆಯಲ್ಲೂ ಅಷ್ಟೆ, ಮಾತೆಲ್ಲ ಹೆಂಡತಿಯದು. ಆದರೆ ಪ್ರತಿ ಚೈತ್ರದಲ್ಲಿ ತೋಟದ ಹಳೆಯ ಸ್ನೇಹಿತನೊಬ್ಬ ವರ್ಷದ ಮೊದಲ ಕೊಯಿಲಿನ ಅರ್ಧ ಕಿಲೋ ಚಹಾ ಕಳಿಸುತ್ತಿದ್ದ. ಆ ಚಹಾ ಕುಡಿಯಲು ಸಾನ್ಯಾಲ್ ಸಾಹೇಬರು ಗುಮಾಸ್ತನ ಮನೆಗೆ ತಾವಾಗಿ ಬರುತ್ತಿದ್ದರು. ತಾರಾಪ್ರಸನ್ನರ ವರ್ಷದ ಹಬ್ಬ ಅದೊಂದೇ.

ಈ ಸಲ ಅವರು ತಗಡಿನ ಡಬ್ಬಿಯ ಮುಚ್ಚಳ ಎತ್ತಿ ಸೊಸೆಯ ಮೂಗಿನ ಹತ್ತಿರ ಹಿಡಿದರು.

"ಏನ್ ವಾಸನೆ ಬರ್ತಿದೆ, ಹೇಳು."

ಅವಳು ಹೆದರುತ್ತ ಹೇಳಿದಳು: "ಎಳೇ ಮಾವಿನಕಾಯಿ ಸಿಪ್ಪೆ ಥರ, ಬಾಬಾ. ಆಮೇಲೆ... ಕೊಯ್ದ ಹುಲ್ಲು."

ಮುದುಕರ ಮುಖ ಅರಳಿತು. "ಈ ವರ್ಷ ಇದು ನಿನ್ನ ಕೈಲಿರಲಿ. ಬುಧವಾರ ನಾಲ್ಕು ಗಂಟೆಗೆ ಸಾಹೇಬ್ರು ಬರ್ತಾರೆ. ಒಣಗಿದ ಜಾಗದಲ್ಲಿಡು. ಥಂಡಿ ತಗುಲಿದ್ರೆ ಚಹಾ ಸತ್ತ ಹಾಗೇನೆ."

ಹದಿನಾಲ್ಕು ತಿಂಗಳಲ್ಲಿ ಈ ಮನೆಯಲ್ಲಿ ಯಾರಾದರೂ ಅವಳನ್ನು ನಂಬಿ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಶಿಬಾನಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತನಗೆ ಗೊತ್ತಿದ್ದ ಅತ್ಯಂತ ಒಣಗಿದ ಜಾಗದಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ ಇಟ್ಟಳು. ಮುಚ್ಚಳವನ್ನು ಮಾವ ಸರಿಯಾಗಿ ಒತ್ತಿರಲಿಲ್ಲ, ಅವಳೂ ನೋಡಲಿಲ್ಲ. ಥಂಡಿಯ ಭಯ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚಹಾ ಎಲೆ ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಕುಡಿದುಬಿಡುತ್ತದೆ ಎನ್ನುವುದನ್ನು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ.

ಬುಧವಾರ ಮಧ್ಯಾಹ್ನ ಊಟ ಮುಗಿದು ಅತ್ತೆ ಮಲಗಿದರು. ಮಾವ ಸಂದೇಶ್ ಸಿಹಿ ತರಲು ಬಾಗ್‌ಬಜಾರಿಗೆ ಹೋದರು. ಒಂದೂವರೆ ಗಂಟೆಗೆ ಶಿಬಾನಿ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು.

ಮಾವಿನಕಾಯಿಯೂ ಇಲ್ಲ, ಹುಲ್ಲೂ ಇಲ್ಲ. ಡಬ್ಬಿಯ ತುಂಬ ನೋವಾಖಾಲಿಯ ಮೀನುಪೇಟೆ.

ಅವಳು ಒಂದು ಹಿಡಿ ಎಲೆಯನ್ನು ಗಾಳಿಗೆ ಹರಡಿ ನೋಡಿದಳು. ಒಂದು ಚಿಟಿಕೆಯನ್ನು ಬಿಸಿನೀರಿಗೆ ಹಾಕಿ ನೋಡಿದಳು, ನಾತ ಇನ್ನಷ್ಟು ಎದ್ದಿತು. ಜೀವಮಾನವೆಲ್ಲ ಚಹಾ ಮೂಸಿದ ಮೂಗಿನೆದುರು ಇದನ್ನು ಇಟ್ಟರೆ ಅರ್ಧ ಗಳಿಗೆಯಲ್ಲಿ ಎಲ್ಲ ಬಯಲಾಗುತ್ತದೆ. ಆಮೇಲೆ ತವರಿನ ದಾರಿ. ನಾಲ್ಕು ತಿಂಗಳ ಹೊಟ್ಟೆ ಹೊತ್ತು ಆ ಕಾಲೊನಿಯ ತಗಡಿನ ಮನೆಗೆ, ಎಂಟು ಜನ ಮಲಗುವ ಒಂದೇ ಕೋಣೆಗೆ ವಾಪಸು ಹೋಗಬೇಕು. ಅಳಲಿಕ್ಕೂ ಹೊತ್ತಿರಲಿಲ್ಲ.

ಕೆಟ್ಟ ಚಹಾವನ್ನು ಹಳೆಯ ಪೇಪರಿಗೆ ಸುರಿದು ತನ್ನ ಮಂಚದ ಕೆಳಗೆ ತಳ್ಳಿದಳು. ಡಬ್ಬಿಗೆ ಬೂದಿ ಹಾಕಿ ಉಜ್ಜಿ, ಕುದಿಯುವ ನೀರು ಸುರಿದು, ನಿಂಬೆಸಿಪ್ಪೆ ತಿಕ್ಕಿ, ಒಲೆಯ ಕಾವಿಗೆ ಬೋರಲು ಹಾಕಿದಳು. ಉಳಿದದ್ದು ಶುಟ್ಕಿಯ ಗಂಟು. ಬೀದಿಗೆ ಎಸೆದರೆ ನಾಯಿಗಳು ಎಳೆದಾಡಿ ಓಣಿಗೇ ಸಾರುತ್ತವೆ. ಕೊನೆಗೆ ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಇದ್ದಿಲ ರಾಶಿಯ ಹಿಂದೆ ಅದನ್ನು ತುರುಕಿದಳು. ಪಕ್ಕದಲ್ಲೇ ಕೆಲಸದ ಮೋಕ್ಷದಾಳ ಬೆತ್ತದ ಬುಟ್ಟಿ ಇತ್ತು. ಆತುರದಲ್ಲಿ ಅದು ಅವಳ ಗಮನಕ್ಕೆ ಬರಲಿಲ್ಲ.

ಪೆಟ್ಟಿಗೆಯ ತಳದಲ್ಲಿ ತಾಯಿ ಕೊಟ್ಟಿದ್ದ ಮೂರೂವರೆ ರೂಪಾಯಿ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು, ತಲೆಗೆ ಸೆರಗು ಹೊದ್ದು, ಹಿತ್ತಿಲ ಬಾಗಿಲಿಂದ ಹೊರಟಳು. ಕೊಳಾಯಿ ತೊಟ್ಟಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಮೋಕ್ಷದಾ ತಲೆಯೆತ್ತಿ ನೋಡಿ, ಏನೂ ಕೇಳದೆ ಮತ್ತೆ ತಲೆ ತಗ್ಗಿಸಿದಳು.

ಕುಂಡು ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ. ಆ ಕಡೆಯ ಅಂಗಡಿಗಳೆಲ್ಲ ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕರ ಮೇಲೆಯೇ.

"ಇನ್ನು ನಾಲ್ಕು ಗಂಟೆಗೇ, ಬೌದಿ. ನನಗೂ ಹೊಟ್ಟೆ ಇದೆ."

"ಐದೇ ನಿಮಿಷ, ದಾದಾ. ಡಾರ್ಜಿಲಿಂಗ್ ಚಹಾ ಬೇಕು. ಈ ವರ್ಷದ ಮೊದಲ ಕೊಯಿಲಿಂದು."

ಕುಂಡು ಅವಳ ಸೀರೆಯನ್ನು ನೋಡಿದ, ಮುಷ್ಟಿಯನ್ನು ನೋಡಿದ. ಮೇಲುಸಾಲಿನ ಡಬ್ಬಿ ತೋರಿಸಿ ಕಾಲು ಕಿಲೋದ ಬೆಲೆ ಹೇಳಿದ. ಹತ್ತು ರೂಪಾಯಿಯ ಮೇಲೆ ಎಂಟಾಣೆ. ಶಿಬಾನಿ ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟಳು.

ಹಾಗೆ ಕೂತಾಗಲೇ ನೆಲದ ಸಾಲು ಕಣ್ಣಿಗೆ ಬಿತ್ತು. ಹನ್ನೊಂದು ಡಬ್ಬಿ.

"ಇವೇನು?"

"ಅವಾ? ಹರಾಜಿಗೆ ಮುಂಚೆ ಕಚೇರಿಗಳಿಗೆ ಬರೋ ಸ್ಯಾಂಪಲ್ ಪೊಟ್ಟಣಗಳಲ್ಲಿ ಉಳಿದಿದ್ದು, ಪೆಟ್ಟಿಗೆಗಳ ತಳದ್ದು. ಪ್ಯೂನುಗಳು ತಂದು ಕೊಡ್ತಾರೆ. ಯಾವ ತೋಟದ್ದೋ ದೇವರಿಗೇ ಗೊತ್ತು. ಯಾವುದು ತಗೊಂಡ್ರೂ ಕಾಲು ಕಿಲೋಗೆ ಮೂರು ರೂಪಾಯಿ. ರಸ್ತೆ ಬದಿ ಚಹಾದಂಗಡಿಯವರು ಒಯ್ತಾರೆ."

ಶಿಬಾನಿ ಮೊದಲ ಡಬ್ಬಿ ತೆರೆದಳು. ಬಸುರಿಯ ಮೂಗು, ಸೂಜಿಮೊನೆಯಷ್ಟು ವಾಸನೆಯನ್ನೂ ಬಿಡುತ್ತಿರಲಿಲ್ಲ. ಗೋಣಿಚೀಲದ ವಾಸನೆ. ಎರಡನೆಯದು ಬರೀ ಧೂಳು. ಮೂರನೆಯದನ್ನು ಮೂಸಿ ಬಾಯಿಗೆ ಸೆರಗು ಒತ್ತಿ, ಉಸಿರು ಹಿಡಿದು ಕೂತಳು.

"ಬೌದಿ, ಇದು ಮೀನುಪೇಟೆ ಅಲ್ಲ, ಹಾಗೆ ಒಂದೊಂದನ್ನೂ ಮೂಸೋಕೆ!" ಎಂದ ಕುಂಡು.

ಆ ಮಾತಿಗೆ ಬೇರೆ ಯಾರಾದರೂ ನಾಚಿಕೊಳ್ಳುತ್ತಿದ್ದರು. ಶಿಬಾನಿಗೆ ಅದೇ ದಾರಿ ತೋರಿಸಿತು. ಕಾಲೊನಿಯ ಸಂತೆಯಲ್ಲಿ ಶುಟ್ಕಿ ಕೊಳ್ಳುವುದು ಹೇಗೆ? ರಾಶಿಯ ಮೇಲಿನದನ್ನು ಮುಟ್ಟಬಾರದು, ಕೈ ಆಳಕ್ಕೆ ಹೋಗಬೇಕು. ಒಂದು ಹಿಡಿ ತೆಗೆದು, ಮುಷ್ಟಿ ಕಟ್ಟಿ, ಬಾಯಿಯ ಬಿಸಿ ಉಸಿರನ್ನು ಅದರೊಳಗೆ ಊದಿ, ಆಮೇಲೆ ಮೂಸಬೇಕು. ಒಣಗಿದ ಪದಾರ್ಥ ಬಿಸಿ ತಾಗಿದರೇನೇ ನಿಜ ಹೇಳುತ್ತದೆ. ಅವಳ ಅಜ್ಜಿ ಹಾಗೇ ಮಾಡುತ್ತಿದ್ದರು.

ಅವಳು ನಾಲ್ಕನೆಯ ಡಬ್ಬಿಗೆ ಮೊಣಕೈವರೆಗೆ ಕೈಹಾಕಿ ಒಂದು ಹಿಡಿ ತೆಗೆದು ಊದಿದಳು. ಕುಂಡುವಿನ ಕೈಯಲ್ಲಿದ್ದ ಹಲಗೆ ಅಲ್ಲೇ ನಿಂತಿತು. ಹರಾಜಿನ ಕಚೇರಿಯ ದೊಡ್ಡ ಸಾಹೇಬರು ಒಣ ಎಲೆಯನ್ನು ಹೀಗೆಯೇ ನೋಡುತ್ತಾರೆಂದು ಅವನಿಗೆ ಗೊತ್ತಿತ್ತು.

ನಾಲ್ಕು, ಐದು, ಆರು. ಒಂದರಲ್ಲಿ ಹೊಗೆ, ಒಂದರಲ್ಲಿ ತುಕ್ಕು, ಒಂದರಲ್ಲಿ ಏನೂ ಇಲ್ಲ. ಗೋಡೆ ಗಡಿಯಾರದಲ್ಲಿ ಎರಡೂ ಇಪ್ಪತ್ತು. ಏಳು, ಎಂಟು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒಂಬತ್ತನೆಯದರ ಎಲೆ ನೋಡಲಿಕ್ಕೇ ಚೆನ್ನಾಗಿರಲಿಲ್ಲ. ಕಪ್ಪಗಿರಬೇಕಾದ್ದು ಹಸಿರು ಹಸಿರಾಗಿ, ಮುರಿದು ಚೂರಾಗಿತ್ತು. ಊದಿ ಮೂಸಿದಳು.

ಎಳೇ ಮಾವಿನಕಾಯಿ ಸಿಪ್ಪೆ.

ಮತ್ತೊಮ್ಮೆ ಊದಿದಳು. ಹುಲ್ಲೂ ಇತ್ತು. ಶನಿವಾರದ ವಾಸನೆಯೇ ಅಲ್ಲ, ಆದರೆ ಅದರ ಒಡಹುಟ್ಟು.

"ಇದು ಕೊಡಿ."

"ಅದಾ!" ಕುಂಡು ನಕ್ಕ. "ಎರಡು ಸಲ ವಾಪಸ್ ಬಂದಿದೆ ಬೌದಿ ಅದು. ಬಣ್ಣಾನೇ ಬಿಡಲ್ಲ, ಹಾಲು ಹಾಕಿದ್ರೆ ಪಾತ್ರೆ ತೊಳೆದ ನೀರು ಅಂತ ಬೈದು ಹೋದ್ರು. ಆಮೇಲೆ ನನ್ನ ಬೈಬೇಡಿ."

ಹಾಲಿಲ್ಲದೆ ಕುಡಿಯುವ ಮೊದಲ ಕೊಯಿಲಿನ ಚಹಾಕ್ಕೆ ಬಣ್ಣ ಬಿಡದಿರುವುದೇ ದೊಡ್ಡಸ್ತಿಕೆ ಎಂದು ಹೇಳುವಷ್ಟು ಅವಳಿಗೂ ಆಗ ಗೊತ್ತಿರಲಿಲ್ಲ. ಕಾಲು ಕಿಲೋ ಕಟ್ಟಿಸಿಕೊಂಡು ಆ ಬಿಸಿಲಲ್ಲಿ ಓಡಿದಳು, ನಾಲ್ಕು ತಿಂಗಳ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಸಾನ್ಯಾಲ್ ಸಾಹೇಬರ ಕೊಡೆ ಬಾಗಿಲಲ್ಲಿ ಕಾಣಿಸಿತು. ಎತ್ತರದ ಆಳು, ಎಪ್ಪತ್ತು ದಾಟಿದರೂ ಧೋತಿಯ ನೆರಿಗೆ ಕತ್ತಿಯಂತೆ. ಪಡಸಾಲೆಯ ಒಳ್ಳೆಯ ಕುರ್ಚಿಯಲ್ಲಿ ಕೂತರು. ತಾರಾಪ್ರಸನ್ನರು ಅವರೆದುರು ಬೆತ್ತದ ಸ್ಟೂಲಿನ ತುದಿಯಲ್ಲಿ ಕೂತರು. ಆ ದಿನ ಚಹಾವನ್ನು ಅವರೇ ಮಾಡುವುದು ವಾಡಿಕೆ. ಶಿಬಾನಿ ಬಿಸಿನೀರು, ಬಿಳಿ ಪಿಂಗಾಣಿ ಹೂಜಿ, ಡಬ್ಬಿ ಎಲ್ಲವನ್ನೂ ತಟ್ಟೆಯಲ್ಲಿ ತಂದಿಟ್ಟು ಪರದೆಯ ಹಿಂದೆ ನಿಂತಳು.

ತಾರಾಪ್ರಸನ್ನರು ಮುಚ್ಚಳ ತೆಗೆದರು. ಅರ್ಧಕ್ಕೆ ಇಳಿದ ಡಬ್ಬಿಯನ್ನು ನೋಡಿದರು. ನಾಲ್ಕು ದಿನದ ಹಿಂದೆ ಉದ್ದುದ್ದ ಇದ್ದ ಎಲೆ ಈಗ ಚೂರಾಗಿರುವುದನ್ನು ನೋಡಿದರು. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಮೂಸಿದರು. ತಲೆಯೆತ್ತಿ ಪರದೆಯ ಕಡೆ ನೋಡಿದರು.

ಮುಗಿಯಿತು, ಎಂದುಕೊಂಡಳು ಶಿಬಾನಿ.

"ಏನ್ ತಾರಾಪ್ರಸನ್ನ, ಈ ವರ್ಷದ್ದು ಹೇಗಿದೆ?" ಎಂದರು ಸಾಹೇಬರು, ಉತ್ತರ ಬೇಕಾಗಿಲ್ಲದವರ ದನಿಯಲ್ಲಿ.

"ತಾವೇ ನೋಡ್ಬೇಕು, ಸರ್." ತಾರಾಪ್ರಸನ್ನರು ಎಲೆಯನ್ನು ಹೂಜಿಗೆ ಹಾಕಿ, ನೀರು ಸುರಿದು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

ನಾಲ್ಕು ನಿಮಿಷ. ಓಣಿಯಲ್ಲಿ ಐಸ್ ಮಾರುವವನು ಕೂಗಿಕೊಂಡು ಹೋದ.

ಸಾನ್ಯಾಲ್ ಸಾಹೇಬರು ಸೊರ್ರೆಂದು ಹೀರಿ, ಕಣ್ಣು ಮುಚ್ಚಿ, ಕೆನ್ನೆಯೊಳಗೆ ಆ ಕಡೆ ಈ ಕಡೆ ಹೊರಳಿಸಿ, ನುಂಗಿದರು. ಇನ್ನೊಂದು ಗುಟುಕು. ಮೂರನೆಯದು.

"ಒಳ್ಳೇ ಚಹಾ," ಎಂದರು. "ಹೋದ ವರ್ಷದ್ದಕ್ಕಿಂತ ಮೇಲು. ನಾಲಿಗೆ ತುದಿ ಹಿಡಿಯುತ್ತೆ. ಬಹಳ ಒಳ್ಳೇ ಚಹಾ."

ಪರದೆಯ ಹಿಂದೆ ಶಿಬಾನಿ ಗೋಡೆಗೆ ಒರಗಿದಳು. ಬದುಕಿದೆ ಎಂದು ಅವಳು ಪೂರ್ತಿ ಉಸಿರು ಬಿಡುವ ಮೊದಲೇ ಮೆಟ್ಟಿಲ ಕೆಳಗಿನಿಂದ ಅತ್ತೆಯ ಕೂಗು ಎದ್ದಿತು.

ನಿಭಾನನಿ ಒಲೆಗೆ ಇದ್ದಿಲು ತೆಗೆಯಲು ಬಗ್ಗಿದ್ದರು.

"ಮೋಕ್ಷದಾ! ಬಾ ಇಲ್ಲಿ! ಇದೇನು ಇದು? ನನ್ನ ಮನೇಲಿ, ನನ್ನ ಇದ್ದಿಲ ಹಿಂದೆ! ಹನ್ನೆರಡು ವರ್ಷ ಅನ್ನ ಹಾಕಿದ್ದಕ್ಕೆ ಇದನ್ನ ತಂದು ಬಚ್ಚಿಟ್ಯಾ?"

ಶಿಬಾನಿ ಅಂಗಳಕ್ಕೆ ಬಂದಾಗ ನಿಭಾನನಿ ಗಂಟನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಮೂಗಿಗೆ ಸೆರಗು. ಮೋಕ್ಷದಾ ಒದ್ದೆ ಕೈ ಕಟ್ಟಿ ನಿಂತಿದ್ದಳು. ಅವಳೂ ಬಾಂಗಾಲರವಳೇ, ಬರಿಸಾಲ್ ಕಡೆಯವಳು, ಗಂಡನಿಲ್ಲದವಳು, ಈ ಮನೆಯ ಸಂಬಳ ಬಿಟ್ಟರೆ ಬೇರೆ ಗತಿಯಿಲ್ಲದವಳು.

"ಬುಟ್ಟಿ ಎತ್ಕೋ. ಈಗ್ಲೇ ಹೊರಡು. ನಾಳೆಯಿಂದ ಈ ಓಣೀಲಿ ಯಾರ ಮನೇಲೂ ಕೆಲಸ ಸಿಗದ ಹಾಗೆ ಮಾಡ್ತೀನಿ."

ಮೋಕ್ಷದಾ ಒಂದೇ ಒಂದು ಸಲ ಶಿಬಾನಿಯ ಕಡೆ ನೋಡಿ, ಬಗ್ಗಿ ಬುಟ್ಟಿಗೆ ಕೈ ಹಾಕಿದಳು. ಆ ನೋಟದಲ್ಲಿ ದೂರಿರಲಿಲ್ಲ. ಇವಳಿಗೆ ಎಲ್ಲ ಗೊತ್ತು, ಆ ಧೂಪದ ಬೆಳಿಗ್ಗೆಗಳಿಂದಲೂ ಗೊತ್ತು, ಎಂಬುದು ಶಿಬಾನಿಗೆ ಆಗ ಹೊಳೆಯಿತು.

ಸುಮ್ಮನಿದ್ದರೆ ಸಾಕಿತ್ತು. ಚಹಾ ಗೆದ್ದಿತ್ತು, ಗಂಟು ಇನ್ನೊಬ್ಬಳ ತಲೆಗೆ ಹೋಗಿತ್ತು. ಶಿಬಾನಿ ಸುಮ್ಮನಿರಲೂ ನೋಡಿದಳು, ಅದನ್ನು ಮುಚ್ಚಿಡುವುದೇಕೆ? ಮೋಕ್ಷದಾ ಬುಟ್ಟಿಯನ್ನು ಸೊಂಟಕ್ಕೇರಿಸಿ ಬಾಗಿಲವರೆಗೆ ನಡೆದಳು. ಅಷ್ಟು ಹೊತ್ತು ಶಿಬಾನಿ ಸುಮ್ಮನಿದ್ದಳು.

"ಆ ಗಂಟು ನಂದು, ಮಾ."

ನಿಭಾನನಿ ತಿರುಗಿದರು.

"ನಂದು. ನಮ್ಮಮ್ಮ ಕೊಟ್ಟಿದ್ದು. ಬೇರೆ ಏನೂ ಹೊಟ್ಟೇಲಿ ನಿಲ್ಲಲ್ಲ ನಂಗೆ. ಮೇಲಿನ ಗೂಡಲ್ಲಿಟ್ಟಿದ್ದೆ. ಬಾಬಾ ಕೊಟ್ಟ ಚಹಾನೂ ಅಲ್ಲೇ ಇಟ್ಟೆ. ಅದು ಪೂರ್ತಿ ನಾತ ಹಿಡೀತು." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ, ಗಂಡನ ಮನೆಯವರಂತೆ ಮಾತಾಡಲು ಕಲಿತದ್ದೆಲ್ಲ ಮರೆತು ತವರಿನ ಒರಟು ಮಾತಿನಲ್ಲೇ ಎಲ್ಲ ಹೊರಬಂತು. "ಈಗ ಒಳಗೆ ಕುಡೀತಿರೋದು ಕುಂಡು ಅಂಗಡಿ ನೆಲದ ಡಬ್ಬೀದು. ಮೂರು ರೂಪಾಯಿದು. ಮೋಕ್ಷದಾ ದೀದಿಗೆ ಏನೂ ಗೊತ್ತಿಲ್ಲ. ಹೋಗ್ಬೇಕಾದೋಳು ನಾನು."

ಪಡಸಾಲೆಯ ಬಾಗಿಲಲ್ಲಿ ಇಬ್ಬರು ಮುದುಕರೂ ಬಂದು ನಿಂತಿದ್ದರು. ಸಾನ್ಯಾಲ್ ಸಾಹೇಬರ ಕಿವಿ ಕೆಂಪಾಗಿತ್ತು.

"ನೆಲದ ಡಬ್ಬೀದಾ? ಪ್ಯೂನುಗಳು ಗುಡಿಸಿ ಮಾರಿದ್ದನ್ನ ನನಗೆ ಕುಡಿಸಿದ್ಯಾ, ತಾರಾಪ್ರಸನ್ನ? ಮನೆಗೆ ಕರೆದು?" ಅವರು ಕೊಡೆಗಾಗಿ ಕೈ ಚಾಚಿದರು. "ನಲವತ್ತು ವರ್ಷದಲ್ಲಿ ಇಂಥ ಅವಮಾನ ಯಾರೂ ಮಾಡಿರಲಿಲ್ಲ ನನಗೆ."

ತಾರಾಪ್ರಸನ್ನರು ಎಂದಿನಂತೆ ತಲೆ ತಗ್ಗಿಸಿಯೇ ನಿಂತಿದ್ದರು. ಶಿಬಾನಿಗೆ ತನಗಿಂತ ಹೆಚ್ಚಾಗಿ ಅವರನ್ನು ನೋಡಿ ಸಂಕಟವಾಯಿತು. ವರ್ಷಕ್ಕೊಂದೇ ಹಬ್ಬ, ಅದನ್ನೂ ತಾನು ಹಾಳುಮಾಡಿದೆ.

"ಕೂತ್ಕೊಳ್ಳಿ, ಸರ್," ಎಂದರು ತಾರಾಪ್ರಸನ್ನರು.

"ಏನಂದೆ?"

"ಕೂತ್ಕೊಳ್ಳಿ. ಬಟ್ಟಲಲ್ಲಿ ಇನ್ನೂ ಚಹಾ ಇದೆ." ಅವರು ತಲೆಯೆತ್ತಿದರು. "ಮೂವತ್ತೊಂದು ವರ್ಷ ತಾವು ಹೇಳಿದ್ದನ್ನ ಹೇಳಿದ ಹಾಗೇ ಬರ್ದಿದ್ದೀನಿ. ಬರ್ದಿದ್ದನ್ನ ಒಂದು ದಿನವೂ ಹೊಡೆದು ಹಾಕಿಲ್ಲ. ಒಳ್ಳೇ ಚಹಾ ಅಂತ ತಾವು ಈಗ ತಾನೇ ಹೇಳಿದ್ರಿ. ಬಹಳ ಒಳ್ಳೇದು ಅಂತಾನೂ ಹೇಳಿದ್ರಿ. ಆಗ ಅದರ ಬೆಲೆ ಗೊತ್ತಿರಲಿಲ್ಲ, ಅಷ್ಟೆ. ನಾನು ಡಬ್ಬಿ ತೆಗೆದಾಗ್ಲೇ ಕಂಡ್ಕೊಂಡೆ, ಇದು ನಮ್ಮದಲ್ಲ ಅಂತ. ಮೂಸಿದಾಗ್ಲೇ ಕಂಡ್ಕೊಂಡೆ, ಇದು ನಮ್ಮದಕ್ಕಿಂತ ಚೆನ್ನಾಗಿದೆ ಅಂತಾನೂ. ನನ್ನ ಅಭಿಪ್ರಾಯ ಕೇಳೋದಾದ್ರೆ, ಸರ್, ಇದನ್ನ ಆರಿಸಿದ ಮೂಗು ನಮ್ಮ ಕಚೇರೀಲಿ ಇರಲಿಲ್ಲ."

ನಿಭಾನನಿ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದರು. ಸಾನ್ಯಾಲ್ ಸಾಹೇಬರು ಕೊಡೆ ಹಿಡಿದು ಬಾಗಿಲ ಕಡೆ ನೋಡಿದರು, ಬಟ್ಟಲ ಕಡೆ ನೋಡಿದರು. ಆಮೇಲೆ ಕೊಡೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಕೂತರು. ಸೊರ್ರೆಂಬ ಸದ್ದು ಅಂಗಳಕ್ಕೂ ಕೇಳಿಸಿತು.

ಆದರೆ ತೀರ್ಪು ಕೊಡಬೇಕಾದವರು ಅವರಲ್ಲ. ಶಿಬಾನಿ ಅತ್ತೆಯ ಎದುರು ನಿಂತೇ ಇದ್ದಳು. ಈ ಮನೆಯಲ್ಲಿ ಯಾರು ಉಳಿಯಬೇಕು ಯಾರು ಹೋಗಬೇಕು ಎಂದು ಹೇಳುವುದು ಎಂದಿಗೂ ಅತ್ತೆಯೇ. ನಿಭಾನನಿ ಗಂಟನ್ನು ನೋಡಿದರು. ಸೊಸೆಯ ಬೆವರಿದ ಮುಖ, ಅವಳು ಅರಿವಿಲ್ಲದೆ ಕೈಯಿಟ್ಟುಕೊಂಡಿದ್ದ ಹೊಟ್ಟೆ, ಬಾಗಿಲಲ್ಲಿ ಬುಟ್ಟಿ ಹೊತ್ತು ನಿಂತ ಮೋಕ್ಷದಾ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ಮುಖದ ಗಂಟು ಮಾತ್ರ ಒಂದಿಷ್ಟೂ ಸಡಿಲವಾಗಲಿಲ್ಲ.

"ಏನ್ ನಿಂತ್ಕೊಂಡು ನೋಡ್ತಿದ್ದೀಯ?" ಎಂದು ಮೋಕ್ಷದಾಳ ಮೇಲೆ ರೇಗಿದರು. "ಬುಟ್ಟಿ ಇಳಿಸು. ಪಾತ್ರೆ ಯಾರು ತಿಕ್ತಾರೆ?"

ಆಮೇಲೆ ಕಡ್ಡಿಯ ತುದಿಯ ಗಂಟನ್ನು ಸೊಸೆಯ ಕಡೆ ಚಾಚಿ, ಮೂಗಿನ ಮೇಲಿನ ಸೆರಗನ್ನು ಬಿಡದೆಯೇ ಹೇಳಿದರು:

"ತಗೋ ಇದನ್ನ. ಹಿತ್ತಿಲಲ್ಲಿ ಮುಚ್ಚಳ ಇರೋ ಒಂದು ಗಡಿಗೆ ಇದೆ, ಅದರಲ್ಲಿಡು. ನನ್ನ ಬೀರು ಹತ್ತಿರ ತಂದ್ರೆ ಕೈ ಮುರೀತೀನಿ."